ಮಾವನವರು ಮಾಡಿದ ಹೆಡರ್ ಪೈಪು

ನನ್ನ ಹಳೇ ಪೆಟ್ರೋಲ್ ಕಾರಿಗೆ ಏನೂ ಆಗಿರಲಿಲ್ಲ. ಕುಣಿಗಲ್ಲಿನ ಮನೆಯಿಂದ ನಾನು ಪಾಠ ಹೇಳುವ ಕಾಲೇಜಿಗೆ, ರಜೆ ಬಂದರೆ ಗುಬ್ಬಿಯ ಮಾವನ ಮನೆಗೆ, ತನ್ನ ಪಾಡಿಗೆ ತಾನು ಓಡಿಕೊಂಡಿತ್ತು. ಅದನ್ನು ಹಾಗೇ ಇರಲು ಬಿಡದವರು ಮಾವ.

ಮಾವನವರು ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟಿದ್ದವರು. ಅಂಗಡಿಯನ್ನು ಬೇರೆಯವರಿಗೆ ವಹಿಸಿದ ಮೇಲೆ ಹೊತ್ತು ಹೋಗದೆ ಮೊಬೈಲಿನಲ್ಲಿ ಕಾರುಗಳ ವಿಡಿಯೊ ನೋಡುವ ಚಟ ಹತ್ತಿಸಿಕೊಂಡರು. ದಸರಾ ರಜೆಯಲ್ಲಿ ನಾವು ಹೋಗಿದ್ದಾಗ ಬಾನೆಟ್ ಎತ್ತಿಸಿ ನೋಡಿದರು.

"ಅಳಿಯಂದ್ರೇ, ನಿಮ್ ಗಾಡಿ ಉಸ್ರು ಕಟ್ಕೊಂಡ್ ಓಡ್ತಾ ಐತೆ. ಹೊಗೆ ಸಲೀಸಾಗಿ ಆಚೆ ಹೋಗಂಗೆ ಮಾಡ್ಬುಟ್ರೆ ಹೆಂಗ್ ಎಳೀತದೆ ನೋಡ್ರಿ."

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೆಣ್ಣು ಕೊಟ್ಟ ಮಾವ. ಇಂಜಿನ್ನಿನ ಪಕ್ಕದಲ್ಲಿ ಹೊಗೆ ಹೊರಬರುವ ಕಡೆ ಇದ್ದ ಬೀಡು ಕಬ್ಬಿಣದ ಭಾಗ ಬಿಚ್ಚಿ ಹಾಕಿ, ನಾಲ್ಕು ಪೈಪು ಬಗ್ಗಿಸಿ ಒಂದಕ್ಕೆ ಸೇರಿಸಿ, ತಾವೇ ವೆಲ್ಡ್ ಮಾಡಿದ ಹೆಡರ್ ಕೂರಿಸಿದರು. ಗಾಡಿ ಚೆನ್ನಾಗಿ ಎಳೆಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸದ್ದು ಮಾತ್ರ ಜೋರಾಯಿತು. ದೀಪಾವಳಿ ಕಳೆಯುವಷ್ಟರಲ್ಲಿ ಆ ಸದ್ದಿನೊಳಗೆ ಇನ್ನೊಂದು ಸದ್ದು ಸೇರಿಕೊಂಡಿತು. ಟಿಕ್ ಟಿಕ್ ಟಿಕ್. ಆಕ್ಸಿಲರೇಟರ್ ಒತ್ತಿದರೆ ಟಿಕ್‌ಗಳೂ ಓಡುತ್ತಿದ್ದವು.

ತುಮಕೂರಿನ ಗ್ಯಾರೇಜಿಗೆ ಒಯ್ದೆ. ಮನೆಯಲ್ಲಿ ಸ್ಟಾರ್ಟ್ ಮಾಡಿದಾಗ ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಟಿಕ್ಕೆನ್ನುತ್ತಿದ್ದ ಗಾಡಿ, ಮೆಕ್ಯಾನಿಕ್ ಎದುರು ನಿಲ್ಲಿಸಿದಾಗ ಸಾಧುವಾಗಿತ್ತು. "ಎಲ್ಲಿ ಸಾರ್ ಸೌಂಡು?" ಅಂದ. ನಾನು ಬಾಯಲ್ಲೇ ಟಿಕ್ ಟಿಕ್ ಮಾಡಿ ತೋರಿಸಿದೆ. "ಹಂಗಾರೆ ಟ್ಯಾಪೆಟ್ಟು" ಎಂದು ಮೇಲಿನ ಮುಚ್ಚಳ ಬಿಚ್ಚಿ ವಾಲ್ವುಗಳ ಸಂದು ಸರಿಮಾಡಿದ. ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಮತ್ತೆ ಹೋದೆ. ಅದರಲ್ಲಿ ಪಕ್ಕದ ಮನೆಯ ಮಿಕ್ಸಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮೆಕ್ಯಾನಿಕ್ ಈ ಸಲ ಬಗ್ಗಿ ಹೆಡರನ್ನೇ ನೋಡುತ್ತ ನಿಂತ.

"ಯಾರ್ ಸಾರ್ ಇದನ್ನ ಮಾಡಿದ್ದು?"

"ನಮ್ಮ ಮಾವ."

"ಚೆನ್ನಾಗೈತೆ ಸಾರ್" ಅಂದವನು ಆಮೇಲೆ ಆ ಕಡೆ ಕಣ್ಣೇ ಹಾಯಿಸಲಿಲ್ಲ. ಆಯಿಲ್ ಬದಲಾಯಿಸಿ ಕಳಿಸಿದ.

ರಾತ್ರಿ ಮಾವನವರಿಗೆ ಫೋನ್ ಮಾಡಿ, "ಮಾವ, ಹೆಡರ್ ಕಡೆಯಿಂದ ಏನಾದ್ರೂ..." ಎಂದು ಎಳೆದೆ.

"ಅದರ ತಂಟೆಗ್ ಹೋಗ್ಬೇಡಿ. ಆನೆ ಕಟ್ಟಿದ್ರೂ ಅಲ್ಲಾಡಲ್ಲ ಅದು. ಆಯಿಲ್ ತೆಳು ಆಗೈತೆ, ದಪ್ಪನ್ದು ಹಾಕ್ಸಿ."

ದಪ್ಪನೆಯದು ಹಾಕಿಸಿದೆ. ಟಿಕ್ ಟಿಕ್. ಸ್ಪಾರ್ಕ್ ಪ್ಲಗ್ ಅಂದರು, ಅದನ್ನೂ ಬದಲಾಯಿಸಿದೆ. ಸ್ಟಾಫ್ ರೂಮಿನಲ್ಲಿ ಕಾರು ಓಡಿಸಲು ಬಾರದವರೂ ನನ್ನ ಇಂಜಿನ್ನಿನ ಬಗ್ಗೆ ತೀರ್ಪು ಕೊಡುತ್ತಿದ್ದರು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ನಿಂತಾಗ ಹೆಂಡತಿ ಏನಾದರೂ ಹೇಳುತ್ತಿದ್ದರೆ ನಾನು ಕೈ ಎತ್ತಿ, "ತಡಿ, ತಡಿ, ಕೇಳಿಸ್ತಾ ಇದೆ" ಅನ್ನುವಂತಾಗಿತ್ತು. ಅವಳಿಗೂ ರೋಸಿಹೋಯಿತು. "ರೀ, ಅಪ್ಪನ್ ಮುಂದೆ ಬಾಯಿ ಬಿಡಲ್ಲ, ನನ್ ಮುಂದೆ ಬಾಯಿ ಮುಚ್ಚಲ್ಲ. ಈ ಶನಿವಾರ ಅಲ್ಲೇ ಹೋಗಿ ಉಳ್ಕೊಳ್ಳೋಣ. ಬೆಳಿಗ್ಗೆ ಎದ್ದು ಅವರೇ ಕೇಳ್ಲಿ."

ಹಾಗೇ ಮಾಡಿದೆವು. ಭಾನುವಾರ ಬೆಳಿಗ್ಗೆ ಗುಬ್ಬಿಯ ಮನೆಯ ಅಂಗಳದಲ್ಲಿ ಗಾಡಿ ತಣ್ಣಗೆ ನಿಂತಿತ್ತು. ಸ್ಟಾರ್ಟ್ ಮಾಡಿದೆ. ಮಾವನವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗಿಟ್ಟು, ಡಾಕ್ಟರಂತೆ ಕಣ್ಣು ಮುಚ್ಚಿದರು. ಹೆಡರ್ ಒಂದನ್ನು ಬಿಟ್ಟು ಎಲ್ಲ ಕಡೆ ಇಟ್ಟು ನೋಡಿದರು.

"ವಾಲ್ವೇ ಇದು. ಹೆಡ್ ಇಳಿಸ್ಬೇಕು."

ನನಗೆ ಅಳುವುದೊಂದು ಬಾಕಿ. ಇಂಜಿನ್ನಿನ ತಲೆಭಾಗವನ್ನೇ ಬಿಚ್ಚುವ ಮಾತು! ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸೋಪು ಕದಡಿದ ಚೊಂಬು ನೀರು ತಂದಳು.

"ಗ್ಯಾಸ್ ಸಿಲಿಂಡರ್ ಲೀಕ್ ಆದ್ರೆ ಹಿಂಗೇ ತಾನೇ ನೋಡೋದು? ಅಪ್ಪಾ, ಸ್ವಲ್ಪ ಸರಿ."

"ಏಯ್, ಏನ್ ಮಾಡ್ತಿದೀಯಾ ನೀನು?" ಎಂದು ಮಾವ ಅನ್ನುವಷ್ಟರಲ್ಲಿ, ಹೆಡರ್ ಇಂಜಿನ್ನಿಗೆ ಕೂಡುವ ಸಂದಿಗೆ ನೀರು ಬಿಟ್ಟಾಗಿತ್ತು. ಮೂರನೆಯ ಪೈಪಿನ ಬುಡದಲ್ಲಿ ನೊರೆ ಉಬ್ಬಿತು. ಒಂದು ಟಿಕ್ಕಿಗೆ ಒಂದು ಗುಳ್ಳೆ. ಟಿಕ್, ಗುಳ್ಳೆ. ಟಿಕ್, ಗುಳ್ಳೆ. ಇಂಜಿನ್ ಬಿಸಿಯಾಗುತ್ತ ಬಂದಂತೆ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಂಡಿತು. ಗುಳ್ಳೆ ನಿಂತಿತು, ಶಬ್ದವೂ ನಿಂತಿತು. ತುಮಕೂರು ತಲುಪುವಷ್ಟರಲ್ಲಿ ಗಾಡಿ ಯಾಕೆ ಸಾಧುವಾಗುತ್ತಿತ್ತು ಎಂಬುದು ಆಗ ಗೊತ್ತಾಯಿತು.

ಅತ್ತೆ ತಿಂಡಿಗೆ ಕರೆದರೂ ಮಾವನವರು ಏಳಲಿಲ್ಲ. ಇಂಜಿನ್ ಪೂರ್ತಿ ಆರುವ ತನಕ ಅಲ್ಲೇ ಕೂತಿದ್ದು, ಆಮೇಲೆ ಹೆಡರ್ ಬಿಚ್ಚಿ ನೆಲದ ಗ್ರಾನೈಟ್ ಮೇಲಿಟ್ಟು ಅದುಮಿದರು. ಒಂದು ಮೂಲೆ ಎದ್ದು ಕಟಕಟ ಅಂದಿತು. ಪೈಪುಗಳನ್ನು ಇಂಜಿನ್ನಿಗೆ ಕೂರಿಸುವ ಕಬ್ಬಿಣದ ಪಟ್ಟಿ ವೆಲ್ಡಿಂಗ್ ಕಾವಿಗೆ ಸೊಟ್ಟಗಾಗಿತ್ತು. ಅವರ ಮುಖ ನೋಡಿ, ಇಷ್ಟು ದಿನ ಒಳಗೊಳಗೇ ಅವರನ್ನು ಬೈದುಕೊಂಡಿದ್ದ ನನಗೇ ಪಾಪ ಅನ್ನಿಸಿತು. "ಹಳೇದೇ ಹಾಕ್ಬಿಡೋಣ ಮಾವ" ಅನ್ನಬೇಕೆಂದಿದ್ದವನು ಬಿಚ್ಚಿದ ನಟ್ಟುಗಳನ್ನು ಆಯ್ದು ಡಬ್ಬಿಗೆ ಹಾಕಿದೆ.

ಸೋಮವಾರ ನಾವು ಬಸ್ಸಿನಲ್ಲಿ ಕುಣಿಗಲ್ಲಿಗೆ ಬಂದೆವು. ಮಾವನವರು ಹೆಡರನ್ನು ಚೀಲಕ್ಕೆ ಹಾಕಿಕೊಂಡು ತುಮಕೂರಿನ ಲೇತ್ ಅಂಗಡಿಗೆ ಹೋಗಿ ಪಟ್ಟಿಯನ್ನು ಸಮ ಹೊಡೆಸಿ, ಸಂದು ಮುಚ್ಚಲು ನಡುವೆ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರು. ಮುಂದಿನ ಭಾನುವಾರ ಗಾಡಿ ತರಲು ಹೋದಾಗ ಟಿಕ್ ಇರಲಿಲ್ಲ.

"ನೋಡಿದ್ರಾ ಅಳಿಯಂದ್ರೇ, ಹೆಡರಲ್ಲಿ ಏನೂ ತೊಂದ್ರೆ ಇರ್ಲಿಲ್ಲ. ಗ್ಯಾಸ್ಕೆಟ್ಟು ಕೈ ಕೊಟ್ಟಿತ್ತು, ಅಷ್ಟೇಯ."

"ಹೌದು ಮಾವ" ಅಂದೆ.

ಮೊನ್ನೆ ನಿಟ್ಟೂರಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಮಾವನವರು ಪಕ್ಕದವರಿಗೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು: "ತುಮ್ಕೂರ್ ಮೆಕ್ಯಾನಿಕ್ಕೇ ಕೈ ಚೆಲ್ಬುಟ್ಟಿದ್ದ. ನಾನೇ ಸೋಪಿನ್ ನೀರ್ ತರ್ಸಿ ಕಂಡ್ ಹಿಡ್ದೆ."

ಎದುರು ಸಾಲಿನಲ್ಲಿದ್ದ ಹೆಂಡತಿ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ ನನ್ನನ್ನೇ ದುರುಗುಟ್ಟಿ ನೋಡಿದಳು. ನಾನು ಸಾರು ಬಡಿಸುವವರನ್ನು ಕರೆದೆ.