ಅಕ್ಕನ ಮೀನು, ನನ್ನ ಹಂಡೆ

ಹಳೆ ಮನೆ ಕೆಡವುವಲ್ಲಿಗೆ ಹೋಗಿ ಬಾಗಿಲು, ಕಿಟಕಿ, ಪಾತ್ರೆಗಳನ್ನು ಚೌಕಾಸಿ ಮಾಡಿ ತಂದು ಮಾರುವುದು ನನ್ನ ಕೆಲಸ. ಮರ ಒಳಗೆ ಟೊಳ್ಳೋ ಗಟ್ಟಿಯೋ ಬೆರಳಲ್ಲಿ ತಟ್ಟಿ ಹೇಳಬಲ್ಲೆ. ಆದರೆ ಒಂದು ಗಾಜಿನ ಪೆಟ್ಟಿಗೆಯ ನೀರು ನನ್ನ ತಲೆ ಕೆಡಿಸಿದ್ದು ಇವತ್ತಿಗೂ ಪೂರ್ತಿ ಸರಿಯಾಗಿಲ್ಲ.

ಮೂಡುಬಿದಿರೆಯಲ್ಲಿರುವ ಅಕ್ಕ, ಮಗಳ ಬಾಣಂತನಕ್ಕೆ ದುಬೈಗೆ ಹೊರಟಾಗ ತನ್ನ ಮೀನಿನ ಟ್ಯಾಂಕನ್ನು ನರಿಕೊಂಬಿನ ನಮ್ಮ ಮನೆಗೆ ತಂದಿಟ್ಟಳು. ಒಂದು ದೊಡ್ಡ ಗೋಲ್ಡ್‌ಫಿಶ್, ಗಾಜಿನ ಪಾಚಿ ತಿನ್ನಲು ಕೆಲವು ಬಸವನಹುಳು. ಗಾಜಿಗೆ ಉಗುರು ತಾಗಿಸಿದರೆ ಮೀನು ಮೇಲೆ ಬರುತ್ತಿತ್ತು. ಅದನ್ನು ಸಾಕಿದ ಮೇಲೆ ಅಕ್ಕ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ತಿನ್ನುವುದನ್ನೇ ಬಿಟ್ಟಿದ್ದಳು. ನಮ್ಮ ಮನೆಯಲ್ಲಿ ಹುಟ್ಟಿದವರು ಅದನ್ನು ಬಿಡುವುದೆಂದರೆ ಸಣ್ಣ ಮಾತಲ್ಲ. ಆ ಮೀನು ಅವಳಿಗೆ ಏನು ಎಂದು ಅಷ್ಟರಲ್ಲೇ ತಿಳಿಯಬೇಕು. ನಲ್ಲಿ ನೀರಿಗೆ ಬ್ಲೀಚಿಂಗ್ ಹಾಕಿರ್ತಾರೆ, ಒಂದು ರಾತ್ರಿ ತೆರೆದಿಟ್ಟು ಆಮೇಲೆ ಹಾಕಬೇಕು, ಒಮ್ಮೆಲೇ ಪೂರ್ತಿ ಬದಲಿಸಬಾರದು ಎಂದು ಹೇಳಿ, ಅದಕ್ಕೆಂದೇ ಒಂದು ನೀಲಿ ಬಕೆಟನ್ನೂ ಕೊಟ್ಟು ಹೋದಳು.

ನನಗೆ ಪ್ಲಾಸ್ಟಿಕ್ ಆಗಿಬರುವುದಿಲ್ಲ. ಬೆಳ್ತಂಗಡಿ ಕಡೆಯ ಒಂದು ಮನೆಯಿಂದ ತಂದ ತಾಮ್ರದ ಹಂಡೆ ಇತ್ತು, ಮಾರಲು ಮನಸ್ಸಾಗದೆ ಇಟ್ಟುಕೊಂಡದ್ದು. ತಾಮ್ರದ ನೀರು ಒಳ್ಳೆಯದೆಂದು ನಾವೆಲ್ಲ ಬೆಳಿಗ್ಗೆ ಎದ್ದು ಕುಡಿಯುವುದಿಲ್ಲವೇ? ಹುಣಸೆಹುಳಿ ಹಾಕಿ ಒಳಗೂ ಹೊರಗೂ ಫಳಫಳ ತಿಕ್ಕಿ, ಅದರಲ್ಲೇ ನೀರು ಇಟ್ಟು ಟ್ಯಾಂಕಿಗೆ ಹಾಕತೊಡಗಿದೆ. ಅಕ್ಕನಿಗಿಂತ ಒಂದು ಕೈ ಮೇಲೆಯೇ ನೋಡಿಕೊಳ್ಳುತ್ತೇನೆಂದು ಎಣಿಸಿದ್ದೆ.

ಮೊದಲು ಬಸವನಹುಳುಗಳು ಗಾಜು ಬಿಟ್ಟು ತಳಕ್ಕೆ ಬಿದ್ದವು. ನಿದ್ದೆ ಅಂದುಕೊಂಡೆ. ನಾತ ಬಂದ ಮೇಲೆ ತೆಗೆದು ಎಸೆದೆ. ಆಮೇಲೆ ಮೀನು ರೆಕ್ಕೆ ಮುದುಡಿ ಮೂಲೆ ಹಿಡಿಯಿತು, ಆಗಾಗ ಮೇಲೆ ಬಂದು ಬಾಯಿಬಾಯಿ ಬಿಡುತ್ತಿತ್ತು. ನೀರು ನೋಡಿದರೆ ಕನ್ನಡಿಯಷ್ಟು ತಿಳಿ. ಕೆಸರಾಗಿದ್ದರೆ ಬೈಯಬಹುದಿತ್ತು, ತಿಳಿ ನೀರಲ್ಲಿ ಎಂಥ ತಪ್ಪು ಹುಡುಕುವುದು?

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಸಾಕುವ ಮೀನು ಮಾರುವವರು ಕಲ್ಲುಪ್ಪು ಹಾಕಿ ಎಂದರು. ವಿಟ್ಲದ ಗಿರಾಕಿಯೊಬ್ಬರು ಕಾಡುಬಾದಾಮಿ ಎಲೆ ಒಣಗಿಸಿ ನೀರಿಗೆ ಬಿಡಿ ಎಂದರು. ತಿಂಡಿ ಹೆಚ್ಚಾಗಿದೆ ಎಂದಳು ಹೆಂಡತಿ. ಬಿಟ್ಟಿ ಸಲಹೆ ಬಿಡುವುದು ಯಾಕೆಂದು ಮೂರನ್ನೂ ಒಟ್ಟಿಗೇ ಮಾಡಿದೆ, ಮೇಲಿಂದ ಹಂಡೆಯ ನೀರನ್ನೂ ಹೆಚ್ಚಿಸಿದೆ. ಮೀನು ಇನ್ನೂ ಸೋತಿತು. ಯಾವುದರಿಂದ ಏನಾಯಿತೆಂದು ಬಿಡಿಸುವ ದಾರಿಯೇ ಉಳಿಯಲಿಲ್ಲ. ನಿಮಗೆ ಹೇಳುವುದಿಷ್ಟೆ: ಒಂದು ಸಲಕ್ಕೆ ಒಂದೇ ಮದ್ದು ಮಾಡಿ.

ಅಕ್ಕ ವಿಡಿಯೋ ಕಾಲ್ ಮಾಡಿದಾಗೆಲ್ಲ ನಾನು ಟ್ಯಾಂಕ್ ಕಾಣದ ಹಾಗೆ ಕೂರುತ್ತಿದ್ದೆ. ಒಂದು ದಿನ ಹೆಂಡತಿ ನನ್ನ ಕೈಯಿಂದ ಫೋನ್ ತೆಗೆದು ಟ್ಯಾಂಕಿನ ಕಡೆ ಹಿಡಿದಳು. ಅಕ್ಕ ಮುಖವನ್ನು ಫೋನಿಗೆ ಹತ್ತಿರ ತಂದಳು.

“ಬಸವನಹುಳು ಎಲ್ಲಿ?”

ಸತ್ತವು ಎಂದೆ.

“ಮೊದಲು ಸತ್ತದ್ದು ಅವೇಯಾ? ನೀರು ಎಂಥದ್ರಲ್ಲಿ ಇಡ್ತಿ ನೀನು?”

ನಾನು ಹಂಡೆಯ ವರ್ಣನೆ ಶುರು ಮಾಡಿದೆ. ಅರ್ಧಕ್ಕೇ ತಡೆದಳು.

“ತಾಮ್ರ ಅವಕ್ಕೆ ವಿಷ ಮಾರಾಯ. ಬಕೆಟ್ ಕೊಟ್ಟದ್ದು ತಲೆಗೆ ಕವುಚಿಕೊಳ್ಳಲಿಕ್ಕಾ?”

ನಾನು ದಿನಾ ಕುಡಿಯುವುದು ಅದಕ್ಕೆ ವಿಷ ಹೇಗೆ ಎಂದು ಕೇಳಿದೆ. ನೀನು ಒಂದು ಲೋಟ ಕುಡಿದು ಎದ್ದು ಹೋಗ್ತಿ, ಅದು ಹಗಲೂ ರಾತ್ರಿ ಅದರೊಳಗೇ ಉಸಿರಾಡಬೇಕು ಎಂದಳು. ಗೊತ್ತಾಯಿತು ಎಂದೆ. ಗೊತ್ತಾಗಿರಲಿಲ್ಲ. ಆದರೂ ಅಂದಿನಿಂದ ಬಕೆಟಿನಲ್ಲಿಟ್ಟ ನೀರನ್ನೇ ದಿನಾ ಸ್ವಲ್ಪ ಸ್ವಲ್ಪ ಬದಲಿಸಿದೆ. ಮೀನು ಮೂಲೆ ಬಿಟ್ಟು ಹೊರಬಂತು, ತಿಂಡಿಗೆ ಬಾಯಿ ಹಾಕಿತು. ಉಗುರು ತಾಗಿಸಿದರೆ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ.

ಅಕ್ಕ ಬಂದವಳು ಬ್ಯಾಗ್ ಕೂಡ ಇಳಿಸದೆ ಟ್ಯಾಂಕಿನ ಮುಂದೆ ನಿಂತಳು. ಗಾಜಿಗೆ ಉಗುರು ತಾಗಿಸಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ತಾಗಿಸಿದಳು. ಮೀನು ನಿಧಾನಕ್ಕೆ ತಿರುಗಿ, ಓರೆಯಾಗಿಯೇ ಮೇಲೆ ಬಂತು.

“ಬಡವಾಗಿದೆ,” ಎಂದಳು, ನನಗಲ್ಲ.

ಟ್ಯಾಂಕ್ ಒಯ್ಯುವಾಗ ಬಕೆಟನ್ನು ಬೇಕೆಂದೇ ನಮ್ಮಲ್ಲಿ ಬಿಟ್ಟು ಹೋದಳು. ಈಗ ಅದೂ ನೀರು ತುಂಬಿಕೊಂಡು ಹಂಡೆಯ ಪಕ್ಕದಲ್ಲೇ ಉಂಟು. ಬೆಳಿಗ್ಗೆ ಎದ್ದು ಲೋಟ ಹಿಡಿದು ಎರಡರ ನಡುವೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.