ಆಟೋ ಶೆಡ್ಡಿನ ಕರು ಮತ್ತು ನಡುಮನೆಯ ಗಡಿ

ಇವತ್ತು ಮಾಡಿದ ಕೆಲಸ: ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿದೆ. ಹದಿನಾಲ್ಕು ರೊಟ್ಟಿ ಬಡಿದೆ. ಮೆಂತ್ಯ ಸೊಪ್ಪು ಸೋಸಿಟ್ಟೆ. ಅತ್ತೆಯ ಕನ್ನಡಕದ ಮುರಿದ ಕಾಲಿಗೆ ದಾರ ಸುತ್ತಿದೆ. ಹಿತ್ತಲದ ಆಕಳ ಮೈಮೇಲೆ, ಕಿವಿಯ ಹಿಂದೆ, ಬಾಲದ ಬುಡದಲ್ಲಿ ಕೈಯಾಡಿಸಿದೆ, ಗಂಟಿಲ್ಲ. ಬೇವಿನ ತಪ್ಪಲಿನ ಹೊಗೆ ಇಟ್ಟೆ. ಕಾಲು ತೊಳೆದೆ, ಒಂಬತ್ತು ಸಲ.

ದನಗಳಿಗೆ ಗಂಟುರೋಗ ಬಂದ ವರ್ಷ ನಾನು ವಹಿಯಲ್ಲಿ ಬರೆದಿಟ್ಟ ಸಾಲುಗಳಿವು. ದಿನಕ್ಕೆ ಒಂಬತ್ತು ಸಲ ಕಾಲು ತೊಳೆಯುವಷ್ಟು ಮಡಿಯ ಹೆಂಗಸು ನಾನಲ್ಲ. ಅದಕ್ಕೆ ಕಾರಣ ನಮ್ಮ ದೊಡ್ಡ ನಾದಿನಿ.

ಆಗ ದನದ ಸಂತೆಗಳೆಲ್ಲ ಬಂದ್. ಒಂದೂರಿನ ದನ ಇನ್ನೊಂದೂರಿಗೆ ಹೋಗುವಂತಿಲ್ಲ, ಬರುವಂತಿಲ್ಲ. ನಮ್ಮ ಮುಳಗುಂದದಲ್ಲಿ ಅದನ್ನು ಸಾರಿ ಹೇಳಲು ಪಂಚಾಯ್ತಿಯವರು ನಮ್ಮವರ ಆಟೋವನ್ನೇ ಗೊತ್ತು ಮಾಡಿ, ಮೇಲೆ ಸ್ಪೀಕರ್ ಕಟ್ಟಿದರು. ನಮ್ಮವರಿಗೆ ಎರಡು ಮಾತಿಗೊಮ್ಮೆ ಕೆಮ್ಮು. ಹೀಗಾಗಿ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಮೊಬೈಲಿನಲ್ಲಿ ನಾನೇ ಓದಿ ಕೊಟ್ಟೆ: ‘ಸಮಸ್ತ ರೈತಬಾಂಧವರ ಗಮನಕ್ಕೆ, ದನಕರುಗಳನ್ನು ಊರಿಂದೂರಿಗೆ ಸಾಗಿಸುವುದನ್ನು ನಿಷೇಧಿಸಲಾಗಿದೆ...’ ಮರುದಿನದಿಂದ ನಾನು ಹೋಗುವ ಓಣಿಗೆಲ್ಲ ನನ್ನ ದನಿ ಮೊದಲೇ ಹೋಗಿ ಬಂದಿರುತ್ತಿತ್ತು. ಕಾಯಿಪಲ್ಲೆ ಮಾರುವವಳು ತಕ್ಕಡಿ ಹಿಡಿದುಕೊಂಡು, “ಬದನಿಕಾಯಿ ಅರ್ಧಾ ಕಿಲೋ ಅಂತ ಅದ ದನೀಲೆ ಒಮ್ಮೆ ಅನ್ರಿ ಬಾಯಾರ” ಎಂದಳು.

ನಗುವುದು ಅವಳಿಗೆ ಸುಲಭ. ನನಗೆ ಆ ಮಾತಿನಲ್ಲಿ ನಂಬಿಕೆಯಿತ್ತು. ಹಿತ್ತಲದಲ್ಲಿ ನಮ್ಮ ಆಕಳು ತುಂಬು ಗಬ್ಬ, ಚೊಚ್ಚಿಲು. ಹುಟ್ಟಿದ ವಾರಕ್ಕೆ ತಾಯಿಯನ್ನು ಕಳೆದುಕೊಂಡ ಅದನ್ನು ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದೆ. ದನದ ಡಾಕ್ಟರು, “ಈಯಲ್ರಿ, ಆಮ್ಯಾಲೆ ಸೂಜಿ ಹಾಕೋಣು. ಅಲ್ಲೀತನಾ ರೋಗ ಸನೇಕ ಬರದಂಗ ನೋಡಕೋರಿ. ಬಂತಂದ್ರ ಹೊಟ್ಟ್ಯಾಗಿಂದೂ ಉಳಿಯೂದಿಲ್ಲ” ಎಂದು ಹೇಳಿ ಹೋಗಿದ್ದರು.

ಸ್ಪೀಕರ್ ಕಟ್ಟಿದ ಐದನೆಯ ದಿನ ಮಧ್ಯಾಹ್ನ, ಜೋಳದ ಒಣದಂಟಿನ ಕಣಕಿ ಹೇರಿದ ಟಂಟಂ ಗಾಡಿಯೊಂದು ನಮ್ಮ ಬಾಗಿಲಿಗೆ ಬಂತು. ಕಣಕಿಯ ಮೇಲೆ ಮೆರವಣಿಗೆಯ ಮದುಮಗಳಂತೆ ಕುಳಿತವರು ನಮ್ಮ ನಾದಿನಿ. ಮುಂಡರಗಿ ಕಡೆಯ ಹಳ್ಳಿಯಿಂದ ಶಿರಹಟ್ಟಿಯ ಮೇಲೆ ಹಾಯ್ದು ಬಂದಿದ್ದರು. ಅವರ ಮಗ್ಗುಲಲ್ಲಿ ಒಂದು ಕೌದಿ ಅಲುಗಾಡುತ್ತಿತ್ತು. ಕೌದಿಯ ಕೆಳಗಿಂದ ಒಂದು ಕಿವಿ ಹೊರಬಂತು.

“ನಿನ್ನ ದನೀ ಕೇಳಕೋತನ ಊರಾಗ ಬಂದ್ವಿ ನೋಡವಾ. ಏನ ಚಂದ ಓದೀಯ!”

“ಅಕ್ಕಾರ, ಕೇಳಿದಮ್ಯಾಲೂ ತಂದ್ರೆಲ್ರಿ?”

“ಮುಂಡರಗ್ಯಾಗ ಕೇಳಿಸಿದ್ರ ಬಿಡ್ತಿದ್ದೆ. ಇಲ್ಲಿ ಬಂದಮ್ಯಾಲೆ ಕೇಳಿಸಿದ್ರ ಏನ ಮಾಡ್ಲಿ? ಯಾರರ ಹಿಡದ್ರ ಹೇಳಾಕಂತ ಮೂರ ಸುಳ್ಳ ತಯಾರ ಮಾಡಿಟ್ಟಿದ್ದೆ. ಒಬ್ಬರೂ ಕೇಳಲಿಲ್ಲ!” ಸುಳ್ಳು ಖರ್ಚಾಗದೆ ಉಳಿದದ್ದು ಅವರಿಗೆ ಬೇಸರವಾಗಿತ್ತು. ಆಮೇಲೆ ಕರುವನ್ನು ಇಳಿಸುತ್ತ ದನಿ ತಗ್ಗಿಸಿದರು: “ನಮ್ಮ ಓಣ್ಯಾಗ ಎರಡ ದನಕ್ಕ ಗಂಟ ಎದ್ದಾವವಾ. ಇದೊಂದರ ಉಳೀಲಿ ಅಂತ ತಂದೀನಿ.”

ರೋಗ ಇರುವ ಓಣಿಯಿಂದ ನೇರವಾಗಿ ನಮ್ಮ ಬಾಗಿಲಿಗೆ! ಒಳಗೆ ಹೋಗಿ ಡಾಕ್ಟರಿಗೆ ಫೋನ್ ಹಚ್ಚಿದೆ. ತಿರುಗಿ ಕಳಿಸಲೇ ಎಂದು ಕೇಳಿದೆ.

“ತಂದದ್ದೂ ತಪ್ಪ, ತಿರುಗಿ ಒಯ್ಯೂದೂ ತಪ್ಪ. ಎಲ್ಲಿ ಇಳದೈತಿ ಅಲ್ಲೇ ಕಟ್ರಿ. ಇಪ್ಪತ್ತೆಂಟ ದಿನ. ಕರು ಮುಟ್ಟಿದವ್ರು ಆಕಳ ಮುಟ್ಟಬಾರದು, ಒಂದರ ಬಕೀಟ ಇನ್ನೊಂದಕ್ಕ ಹೋಗಬಾರದು” ಎಂದರು.

ಇಷ್ಟು ಕೇಳಿ ಬರುವಷ್ಟರಲ್ಲಿ ನಮ್ಮ ಅತ್ತೆ, ತಮ್ಮ ಮಗಳು ತಂದ ಕರುವಿಗೆ ಆರತಿ ಎತ್ತಿ, ಕುಂಕುಮ ಹಚ್ಚಿ, ಒಂದು ಶೇಂಗಾ ಹೋಳಿಗೆ ತಿನ್ನಿಸಿದ್ದರು. ಕರು ಅರ್ಧ ತಿಂದು ಅರ್ಧ ನೆಕ್ಕಿ ಬಿಟ್ಟಿತ್ತು. ಆ ಅರ್ಧವನ್ನು ಹಿತ್ತಲಕ್ಕೆ ಒಯ್ದು ನಮ್ಮ ಆಕಳ ಬಾಯಿಗೂ ಇಟ್ಟಿದ್ದರು!

“ಮನೀಗೆ ಬಂದಾಕಿದು ಎಂಜಲ ತಿಂದ್ರ ಅಕ್ಕತಂಗ್ಯಾರಂಗ ಹೊಂದಕೊಂಡ ಇರ್ತಾವು” ಎಂದರು, ಕೈ ಒರೆಸಿಕೊಳ್ಳುತ್ತ.

ಆಕಳ ತುಟಿಗೆ ಇನ್ನೂ ಹೋಳಿಗೆಯ ಪುಡಿ ಅಂಟಿತ್ತು. ಬಾಯಿ ತೆರೆದರೆ ಸ್ಪೀಕರಿನ ದನಿ ಬಂದೀತೆಂದು, ಕೊಡದ ನೀರು ತಂದು ಅದರ ಮೂತಿ ತೊಳೆದೆ. ಸಂಜೆ ನಮ್ಮವರು ಬಂದು ನಡೆದದ್ದನ್ನು ತಮ್ಮ ತಾಯಿಗೆ ಬಿಡಿಸಿ ಹೇಳಿದರು. ಅತ್ತೆ ಎದ್ದು, ತಮ್ಮ ಕೋಲು ತೆಗೆದುಕೊಂಡು, ನಡುಮನೆಯ ಹೊಸ್ತಿಲ ಹತ್ತಿರ ಚಾಪೆ ಹಾಸಿದರು.

ಅಂದಿನಿಂದ ನಮ್ಮ ಮನೆ ಎರಡು ರಾಜ್ಯವಾಯಿತು. ಮುಂದೆ ಆಟೋ ಶೆಡ್ಡಿನಲ್ಲಿ ನಾದಿನಿ ಮತ್ತು ಕರು. ಹಿಂದೆ ಹಿತ್ತಲದಲ್ಲಿ ನಾನು ಮತ್ತು ಆಕಳು. ಆಟೋ ಪಾಪ, ಬೀದಿಯಲ್ಲಿ ನಿಂತಿತು. ನಡುವಿನ ಗಡಿಯಲ್ಲಿ ಅತ್ತೆ, ಅವರ ಮಗ್ಗುಲಲ್ಲಿ ಡಾಕ್ಟರು ಕೊಟ್ಟ ಕೆಂಪು ಔಷಧದ ನೀರು ತುಂಬಿದ ತಗಡಿನ ಬುಟ್ಟಿ. ದಾಟುವವರು ಅದರಲ್ಲಿ ಕಾಲಿಟ್ಟೇ ದಾಟಬೇಕು. ನಾದಿನಿ ಹಾಗೂ ದಾಟುವಂತಿಲ್ಲ. ಊಟದ ತಾಟು ಹೊಸ್ತಿಲಾಚೆಗೆ, ಸ್ನಾನ ಮುಂದಿನ ನಳದ ಹತ್ತಿರ.

“ಯವ್ವಾ, ನಾ ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿ!”

“ಹುಟ್ಟಿದಾಕಿ ಅಲ್ಲೇ ಕುಂಡ್ರು. ಹೋಳಿಗಿ ತಿನಿಸಿ ನಾ ಒಮ್ಮೆ ಪಾಪ ಕಟಗೊಂಡೀನಿ, ಸಾಕು.”

ಚಹಾ ಕುಡಿಯಲು ಬಂದ ಮಗನನ್ನೂ ಬಿಡಲಿಲ್ಲ. “ಓಣಿ ಓಣಿ ತಿರುಗಿ ಬಂದೀಯಲ್ಲೋ, ಗಾಲಿ ತೊಳದೀಯೇನ?”

ಒಂಬತ್ತನೆಯ ದಿನ ಆಕಳ ಕೊರಳಿನ ಕೆಳಗೆ ನನ್ನ ಬೆರಳಿಗೆ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ‘ಗಂಟು!’ ಎಂದು ಕೂಗಿದೆನೋ ಅತ್ತುಬಿಟ್ಟೆನೋ ಗೊತ್ತಿಲ್ಲ. ಮುಂದಿನ ಶೆಡ್ಡಿನಿಂದ ನಾದಿನಿಯ ದನಿ ಬಂತು.

“ಅಳಬ್ಯಾಡ, ಬೆಳಕಿಗೆ ಹಿಡದ ನೋಡು. ಅದಕ್ಕ ಕಾಲ ಅದಾವೇನ?”

ಕಣ್ಣೊರೆಸಿಕೊಂಡು ನೋಡಿದೆ. “ಅದಾವ್ರಿ ಅಕ್ಕಾರ. ಅಲಗಾಡಸಾಕತ್ತೈತ್ರಿ.”

“ಹಂಗಾರ ಅದು ಉಣ್ಣಿ. ರೋಗಕ್ಕ ಕಾಲ ಇರೂದಿಲ್ಲ. ಕಿತ್ತ ಒಗಿ!”

ಹೀಗೆ ಇಪ್ಪತ್ತೈದು ದಿನ ಹೋದವು. ಆ ಕರುವಿಗೂ ಏನೂ ಏಳಲಿಲ್ಲ. ಇಪ್ಪತ್ತಾರನೆಯ ದಿನ, ಮೇಲೆ ಬರೆದ ಕೆಲಸಗಳೆಲ್ಲ ಮುಗಿದ ಮೇಲೆ, ಮಧ್ಯಾಹ್ನ ಆಕಳು ಏಳುವುದು ಮಲಗುವುದು ಶುರು ಮಾಡಿತು. ನೀರಿನ ಚೀಲ ಒಡೆಯಿತು. ಒಂದು ಕಾಲು ಕಂಡಿತು. ಎಷ್ಟು ಹೊತ್ತಾದರೂ ಇನ್ನೊಂದು ಬರಲಿಲ್ಲ. ಡಾಕ್ಟರು ರೋಗದ ದನ ನೋಡಲು ಕುರ್ತಕೋಟಿಗೆ ಹೋಗಿದ್ದರು, ನಮ್ಮವರು ಗದಗಿನಲ್ಲಿದ್ದರು. ದನ ಈಯಿಸುವುದರಲ್ಲಿ ಪಳಗಿದ ಕೈ ಸನಿಹದಲ್ಲಿ ಒಂದೇ. ಅದು ಗಡಿಯ ಆಚೆ ಇತ್ತು.

ನಾದಿನಿ ಸೆರಗು ಬಿಗಿದು ಓಡಿ ಬಂದು ಹೊಸ್ತಿಲ ಮೇಲೆ ಕಾಲು ಎತ್ತಿದರು. ಅತ್ತೆಯ ಕೋಲು ಅಡ್ಡ ಬಂತು.

“ಇನ್ನೂ ಎರಡ ದಿನ ಐತಿ.”

“ಯವ್ವಾ, ಆಕಳ ಸಾಯ್ತೈತಿ!”

“ಬಾಯಿ ಐತೆಲ್ಲ ನಿನಗ? ಅಲ್ಲಿಂದನ ಹೇಳು.”

ನಾದಿನಿ ನನ್ನನ್ನು ನೋಡಿದರು. ಬನ್ನಿ ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರೇ ಎತ್ತಿದ ಕಾಲನ್ನು ಹಿಂದೆ ಇಟ್ಟರು.

“ಮೊಣಕೈತನಾ ಸಬಕಾರ ಹಚ್ಚಿ ತೊಳಿ. ಎಣ್ಣಿ ಹಚ್ಚಿಕೋ. ತಲಿ ಸಿಕ್ತೇನ? ಅದನ್ನ ಮೆಲ್ಲಕ ಹಿಂದ ನೂಕು. ಮಡಚಿದ ಕಾಲ ಹುಡುಕು.”

“ಸಿಕ್ತ್ರಿ! ಮೊಣಕಾಲ ಸಿಕ್ತು!”

“ಕೆಳಗ ಇಳಿ. ಗೊರಸ ಮುಷ್ಟ್ಯಾಗ ಮುಚ್ಚಿಕೊಂಡ ತಾ, ಇಲ್ಲಾಂದ್ರ ಒಳಗ ಹರೀತೈತಿ. ಆಕಿ ತಿಣುಕಿದಾಗ ಜಗ್ಗು, ಬಿಟ್ಟಾಗ ಬಿಡು. ಗಡಬಡ ಮಾಡಬ್ಯಾಡ.”

“ಏನಂದ್ಳು? ಏನಂದ್ಳು?” ಎಂದು ನಡುವೆ ಅತ್ತೆ.

“ನೀ ಸುಮ್ಮಕಿರಬೇ!” ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಅತ್ತೆಗೆ ನಾನು ಏಕವಚನದಲ್ಲಿ ಮಾತಾಡಿದ್ದು ಅದೊಂದೇ ಸಲ.

ಎರಡನೆಯ ಕಾಲು ಬಂತು. ಮೂಗು ಬಂತು. ಆಮೇಲೆ ಇಡೀ ಕರು ಸರಕ್ಕನೆ ಜಾರಿ ನನ್ನ ಮಡಿಲಿಗೇ ಬಿತ್ತು. ಹೆಣ್ಣುಗರು. ಮೂಗಿಗೆ ಹುಲ್ಲುಕಡ್ಡಿ ಆಡಿಸಲು ಆಚೆಯಿಂದ ಹೇಳಿದರು. ಆಡಿಸಿದೆ, ಸೀನಿತು. ಆಕಳು ತಿರುಗಿ ನೆಕ್ಕತೊಡಗಿತು. ಹೊಸ್ತಿಲಾಚೆ ನಾದಿನಿ ಕುಸಿದು ಕುಳಿತು ಅತ್ತರು, ನಕ್ಕರು, ಆಮೇಲೆ ಕೇಳಿದರು: “ಯಾವ ಬಣ್ಣ ಐತಿ ಹೇಳರ ಹೇಳವಾ!”

ಸಂಜೆಯ ಊಟ: ರೊಟ್ಟಿ, ಮೆಂತ್ಯಪಲ್ಯ, ಶೇಂಗಾ ಹಿಂಡಿ. ಕರು ಕುಡಿದು ಉಳಿದ ಮೊದಲ ಹಾಲಿನಲ್ಲಿ ಬೆಲ್ಲ ಏಲಕ್ಕಿ ಹಾಕಿ ಮಾಡಿದ ಗಿಣ್ಣ. ಮೊದಲ ಬಟ್ಟಲು ಹೊಸ್ತಿಲಾಚೆಗೆ ಕೊಟ್ಟೆ. ನಮ್ಮವರು ಎರಡು ಬಟ್ಟಲು ತಿಂದರು, ಕೆಮ್ಮಲಿಲ್ಲ.

ಮೊದಲು ನಿದ್ದೆ ಹೋದವರು ಅತ್ತೆ. ಕೋಲು ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ಒರಗಿ, ಕನ್ನಡಕ ಹಾಕಿಕೊಂಡೇ. ನಾದಿನಿ ಬಹಳ ಹೊತ್ತು ಆಚೆ ಕುಳಿತೇ ಇದ್ದರು, ದಾಟಲಿಲ್ಲ.