ಅಟ್ಟದ ಮೇಲಿನ ಐರೇಣಿ ಮಡಿಕೆಗಳು

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಕೃಷ್ಣ ಕೃಷ್ಣ ಎಂದು ನೆಲ ತಟ್ಟುವವಳು. ಮೇಲಧಿಕಾರಿಗಳ ಜೀಪಿನ ಸದ್ದು ಕೇಳಿದರೆ, ಎಲ್ಲ ಸರಿಯಿದ್ದರೂ ಅಂಗೈ ಬೆವರಿಸಿಕೊಳ್ಳುವವಳು. ಇಂಥವಳನ್ನು ರಾಯಲ್ಪಾಡಿನಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ನಮ್ಮೂರಿನಲ್ಲಿ ಅಂಗನವಾಡಿ ಟೀಚರ್ ಮಾಡಿದರು. ಮಕ್ಕಳಿಗೆ ಹಾಡು ಹೇಳಿಕೊಡುವುದು, ಬಸುರಿ ಬಾಣಂತಿಯರಿಗೆ ಮೊಟ್ಟೆ ಹಾಲು ಕೊಡುವುದು, ಇಷ್ಟೇ ಕೆಲಸ ಎಂದುಕೊಂಡು ಸೇರಿದೆ. ಆಮೇಲೆ ತಿಳಿಯಿತು, ಊರಿನ ಮಕ್ಕಳ ರಕ್ಷಣಾ ಸಮಿತಿಯಲ್ಲೂ ನಾನೇ ಇರಬೇಕಂತೆ. ಯಾವ ಮನೆ ಕುಸಿಯುತ್ತಿದೆ, ಯಾವ ಹುಡುಗ ಶಾಲೆ ಬಿಟ್ಟು ದಾರಿ ತಪ್ಪುತ್ತಿದ್ದಾನೆ, ಯಾವ ಹುಡುಗಿಗೆ ವಯಸ್ಸಾಗುವ ಮೊದಲೇ ಮದುವೆ ನಿಕ್ಕಿಯಾಗಿದೆ, ಎಲ್ಲವನ್ನೂ ಕಣ್ಣಲ್ಲಿಟ್ಟುಕೊಂಡು ಮೇಲಿನವರಿಗೆ ತಿಳಿಸಬೇಕಂತೆ. ತಿಳಿಸಿದ ಮೇಲೆ ಅವರು ಬಂದು, ಕೆಲಸ ಮುಗಿಸಿ, ಜೀಪ್ ಹತ್ತಿ ಶ್ರೀನಿವಾಸಪುರಕ್ಕೆ ಹೋಗುತ್ತಾರೆ. ನಾನು ಮಾತ್ರ ಬೆಳಗೆದ್ದು ಇದೇ ಊರಿನ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಲ್ಲಬೇಕು. ಹೇಗೆ ನಿಲ್ಲಬೇಕೆಂದು ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ.

ಆ ಹುಡುಗಿ ನನ್ನ ಅಂಗನವಾಡಿಯ ಚಾಪೆಯ ಮೇಲೇ ಬೆಳೆದವಳು. ಮೊಟ್ಟೆಯ ಬಿಳಿ ತಿಂದು ಹಳದಿಯನ್ನು ಪಕ್ಕದವರ ತಟ್ಟೆಗೆ ದಾಟಿಸುತ್ತಿದ್ದ ಕಳ್ಳಿ. ಅವಳು ಎಂಟನೇ ತರಗತಿಯಲ್ಲಿದ್ದಾಗ ಅವಳಪ್ಪ ಮಾವಿನ ಕಾಯಿ ಕೀಳುತ್ತಾ ಮರದಿಂದ ಬಿದ್ದು, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ. ಅವಳಮ್ಮ ಟೊಮೆಟೊ ಬಿಡಿಸುವ ಕೂಲಿಗೆ ಹೊರಟಳು. ಅಲ್ಲಿಂದ ನನ್ನ ಓಡಾಟ ಶುರು. ಅಪ್ಪನಿಗೆ ಅಂಗವಿಕಲರ ವೇತನ ಸಿಗಲೆಂದು ಅವನ ಜೊತೆ ಕೋಲಾರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಹುಡುಗಿಯನ್ನು ನಮ್ಮ ಶನಿವಾರದ ಕಿಶೋರಿಯರ ಕೂಟಕ್ಕೆ ಎಳೆದು ತಂದೆ. ವೇತನ ಬಂತು. ಆದರೆ ಅವಳಮ್ಮನ ಭಯ ಬೇರೆಯೇ ಇತ್ತು.

"ನೀನು ಕೊಡ್ಸಿದ್ ದುಡ್ಡು ಮನೆ ಬಾಗ್ಲು ಕಾಯ್ತದಾ ಟೀಚರ್?" ಎಂದಿದ್ದಳು ಒಮ್ಮೆ. "ಬೆಳಿಗ್ಗೆ ನಾನು ಗಾಡಿ ಹತ್ತಿದ್ರೆ ಇವಳೊಬ್ಳೇ. ಅವಳಪ್ಪ ಎದ್ದು ಬರೋಹಂಗಿಲ್ಲ. ಬೈಕ್ ಹುಡುಗ್ರು ಮನೆ ಮುಂದೇನೇ ಹಾರನ್ ಹೊಡ್ಕೊಂಡು ಸುತ್ತುತಾರೆ. ಕೈ ಟೊಮೆಟೊ ಗಿಡದಲ್ಲಿರ್ತದೆ, ಜೀವ ಇಲ್ಲಿರ್ತದೆ. ನಿಂಗೇನು ಗೊತ್ತು ಬಿಡು."

ನನಗೆ ಗೊತ್ತಿತ್ತು.

ಹುಡುಗಿ ಒಂಬತ್ತನೇ ತರಗತಿ ಮುಗಿಸಿದ ಬೇಸಿಗೆ. ರಾಯಲ್ಪಾಡಿನಿಂದ ಊರಿಗೆ ಬರುವ ಶೇರ್ ಆಟೋದಲ್ಲಿ ಅವಳಮ್ಮ ನನ್ನೆದುರಿನ ಸೀಟಿನಲ್ಲಿದ್ದಳು. ಕಾಲ ಬಳಿ ಗೋಣಿಚೀಲ ಹೊದಿಸಿದ ಮಂಕರಿ. ಗಾಡಿ ಹಳ್ಳಕ್ಕೆ ಇಳಿದು ಕುಲುಕಿದಾಗ ಗೋಣಿ ಜಾರಿತು. ಕೆಳಗೆ ಹೊಸ ಮಡಿಕೆಗಳ ಕೊರಳು ಕಂಡವು. ಕೊರಳ ಸುತ್ತ ಸುಣ್ಣದ ಬಿಳಿ ಗೆರೆ, ಗೆರೆಯ ನಡುವೆ ಕೆಮ್ಮಣ್ಣಿನ ಚುಕ್ಕಿ.

ಅವು ಐರೇಣಿ ಮಡಿಕೆಗಳು. ನಮ್ಮ ಕಡೆ ಮದುವೆಗೆಂದೇ ಕುಂಬಾರರ ಮನೆಯಲ್ಲಿ ಬಣ್ಣ ಬರೆಸಿ ತರುವಂಥವು. ಚಪ್ಪರ ಇಲ್ಲದೆ, ವಾಲಗ ಇಲ್ಲದೆ, ಕದ ಹಾಕಿಕೊಂಡು ಮದುವೆ ಮಾಡಿದವರನ್ನು ನಾನು ನೋಡಿದ್ದೇನೆ. ಐರೇಣಿ ಇಲ್ಲದೆ ಮಾಡಿದವರನ್ನು ನೋಡಿಲ್ಲ. ಅವುಗಳ ಮುಂದೆ ಕೂರದ ಹೆಣ್ಣು ಹೆಂಡತಿಯೇ ಅಲ್ಲ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಒಬ್ಬಳ ಹೆಸರು ಹೇಳಿ ಬರೆಸಿದ್ದು ಇನ್ನೊಬ್ಬಳಿಗೆ ಆಗುವುದಿಲ್ಲ. ಅವಳಿಗೇ ಎರಡನೆಯ ಸಲ ಬರೆದುಕೊಡಲು ಕುಂಬಾರರು ಒಪ್ಪುವುದಿಲ್ಲ, ಬಾಳು ಎರಡಾಗುತ್ತದೆ ಎಂದು. ಆ ಮನೆಯಲ್ಲಿ ಇದ್ದ ಹೆಣ್ಣುಮಗು ಅವಳೊಬ್ಬಳೇ.

ಅವಳಮ್ಮ ಸೆರಗಿನಿಂದ ಮಂಕರಿ ಮುಚ್ಚಿದಳು. ನಮ್ಮಿಬ್ಬರ ಕಣ್ಣು ಕೂಡಿದವು.

"ಬೇಸ್ಗೆ ಅಲ್ವಾ ಟೀಚರ್," ಎಂದಳು. "ತಣ್ಣೀರಿಗೆ."

"ಹೂಂ ಕಣಮ್ಮ, ಏನ್ ಬಿಸ್ಲು," ಎಂದೆ ನಾನು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. "ಯಾರ್ ಮನೆ ಮಡ್ಕೆ ಯಾವ್ ಬಣ್ಣ ಇದ್ರೆ ನಿಂಗೇನೇ? ಆ ಹುಡುಗಿ ಅಮ್ಮನ ಅಣ್ಣ ಎಂಥೋನು ಅಂತ ಗೊತ್ತಲ್ಲ? ಗಡಿ ದಾಟಿದ್ರೆ ಅವನೇ ಊರಿಗೆ ದೊಡ್ಡೋನು. ನಾಳೆ ನಮ್ ಬಾಗ್ಲಿಗೆ ಬಂದು ನಿಂತ್ರೆ ನಿಮ್ ಮೇಡಮ್ಮು ಬರ್ತಾಳಾ ಅಡ್ಡ ನಿಲ್ಲೋಕೆ?"

ಮದುವೆಯ ಗಂಡು ಆ ಅಣ್ಣನ ಮಗನೇ ಎಂದು ನನಗೆ ತಿಳಿದದ್ದು ಮಾರನೆಯ ಬೆಳಿಗ್ಗೆ, ನಲ್ಲಿಯ ಹತ್ತಿರ, ಹುಡುಗಿಯ ಬಾಯಿಂದಲೇ. ಸುತ್ತ ಜನ ಇದ್ದರು. ಅವಳು ಬಿಂದಿಗೆ ಉಜ್ಜುವ ನೆಪದಲ್ಲಿ ಬಗ್ಗಿ, ನನ್ನ ಕಡೆ ನೋಡದೆ ಮಾತಾಡಿದಳು.

"ಮಿಸ್, ನಾಳೆ ಮಾವ ಬರ್ತಾನೆ. ಎಲ್ರೂ ಅವನೂರಿಗೆ ಹೋಗ್ಬೇಕಂತೆ, ಅವನ ಮಗನಿಗೇ ನನ್ನ ಕೊಡೋದಂತೆ. ಕೇಳಿದೋರಿಗೆ ದೇವ್ರ ಕಾರ್ಯ ಅಂತ ಹೇಳು ಅಂದವ್ಳೆ ಅಮ್ಮ." ಆಮೇಲೆ ಇನ್ನೂ ಸಣ್ಣಗೆ, "ಶನಿವಾರದ ಕೂಟದಲ್ಲಿ ಹೇಳಿದ್ರಲ್ಲ, ಆ ಹಾಸ್ಟೆಲ್‌ನಲ್ಲಿ ಸೀಟು ಇದೆಯಾ ಮಿಸ್?"

ಗಡಿಯಾಚೆ ಹೋದಳೆಂದರೆ ನಮ್ಮ ತಾಲ್ಲೂಕಿನವರು ಏನೂ ಮಾಡಲಾರರು. ಆಚೆಯವರಿಗೆ ಸುದ್ದಿ ಮುಟ್ಟಿ, ಅವರು ಹುಡುಕಿಕೊಂಡು ಹೋಗುವ ಹೊತ್ತಿಗೆ ತಾಳಿ ಬಿದ್ದಿರುತ್ತದೆ. ಬಿಂದಿಗೆ ತುಂಬಿ ಹರಿಯುತ್ತಿದ್ದರೂ ನಾನು ನೋಡುತ್ತಲೇ ನಿಂತಿದ್ದೆನಂತೆ, ಹಿಂದಿದ್ದವಳು ಬೈದಾಗಲೇ ಎಚ್ಚರ.

ಅಂಗನವಾಡಿಗೆ ಹೋಗಿ ಸಾಮಾನು ಕೋಣೆಯ ಕದ ಹಾಕಿಕೊಂಡೆ. ಹೊರಗೆ ಸಹಾಯಕಿ ಮಕ್ಕಳಿಗೆ ಹಾಡು ಹೇಳಿಸುತ್ತಿದ್ದಳು. ಬೆಲ್ಲದ ಡಬ್ಬಿ, ರಾಗಿ ಹಿಟ್ಟಿನ ಚೀಲಗಳ ನಡುವೆ ನಿಂತು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ನಮ್ಮೂರಿನಲ್ಲಿ ಫೋನು ಯಾವ ಕಡೆಯ ಟವರ್ ಹಿಡಿಯುತ್ತದೋ ದೇವರಿಗೇ ಗೊತ್ತು. ಆಚೆ ಕಡೆಯ ಹೆಣ್ಣು ದನಿ ತೆಲುಗಿನಲ್ಲಿ ಯಾವ ಮಂಡಲ ಎಂದಿತು, ತಾಲ್ಲೂಕಿಗೆ ಆಂಧ್ರದವರು ಹಾಗನ್ನುತ್ತಾರೆ. ನಾನೂ ತೆಲುಗಿನಲ್ಲೇ, ಮಂಡಲ ಅಲ್ಲ ತಾಯಿ, ಇದು ಕರ್ನಾಟಕ ಎಂದೆ. ಹಾಗಾದರೆ ಆ ಕಡೆಗೆ ಹಾಕಿಕೊಡುತ್ತೇನೆ, ಕಾಯಿರಿ ಎಂದಳು. ಕಾಯುತ್ತಾ ಕಾಯುತ್ತಾ ಫೋನು ಸತ್ತೇ ಹೋಯಿತು. ಅಯ್ಯೋ ನನ್ನ ಹಣೆಬರಹವೇ! ಪುಕ್ಕಲಿಗೆ ಧೈರ್ಯ ಬರುವುದೇ ಒಂದು ಸಲ, ಆಗಲೂ ಟವರ್ ಕೈಕೊಡಬೇಕೇ? ಇದೇ ದೇವರ ಸೂಚನೆ, ಸುಮ್ಮನಿದ್ದುಬಿಡು ಎಂದು ಒಳಗೊಂದು ದನಿ. ಇನ್ನೊಂದು ಕಡೆ ಹಾಸ್ಟೆಲ್ ಸೀಟು ಕೇಳಿದ ದನಿ. ಕೊನೆಗೆ ಶ್ರೀನಿವಾಸಪುರದಲ್ಲಿದ್ದ ನಮ್ಮ ಮೇಲ್ವಿಚಾರಕಿ ಮೇಡಂಗೇ ನೇರ ಫೋನ್ ಮಾಡಿದೆ. ಹೇಳುವಾಗ ಹಲ್ಲು ಕಟಕಟ ಎನ್ನುತ್ತಿದ್ದವು.

"ಮೇಡಂ, ನನ್ನ ಹೆಸರು ಮಾತ್ರ ಬರಬಾರ್ದು," ಎಂದು ಮತ್ತೆ ಮತ್ತೆ ಹೇಳಿದೆ.

ಮರುದಿನ ಮಧ್ಯಾಹ್ನಕ್ಕೆ ಮುಂಚೆ ಆ ಅಣ್ಣ ಬೈಕಿನಲ್ಲಿ ಬಂದ. ಸಾಮಾನು ಒಯ್ಯಲು ಹಿಂದೆಯೇ ಒಂದು ಗಾಡಿ. ಮೊಟ್ಟೆ ಬೇಯಿಸುತ್ತಾ ಅಂಗನವಾಡಿಯ ಕಿಟಕಿಯಲ್ಲಿ ಅವರ ಮನೆಯನ್ನೇ ನೋಡುತ್ತಿದ್ದೆ. ಮಂಕರಿ ಗಾಡಿಗೆ ಏರಿತು. ಹುಡುಗಿಯ ಬಟ್ಟೆಯ ಗಂಟು ಏರಿತು. ಜೀಪಿನ ಸುಳಿವಿಲ್ಲ. ಹುಡುಗಿ ಹೊಸ ಲಂಗ ಉಟ್ಟು ಹೊಸ್ತಿಲಲ್ಲಿ ನಿಂತಿದ್ದಳು, ಅಂಗನವಾಡಿಯ ಕಡೆಯೇ ನೋಡುತ್ತಾ. ಆ ನೋಟಕ್ಕೆ ಹೆದರಿ ನಾನು ಕಿಟಕಿಯಿಂದ ಹಿಂದೆ ಸರಿದೆ. ಬರಲ್ಲ, ಅವರು ಬರಲ್ಲ, ಮಗು ಹೋಯಿತು ಎಂದುಕೊಳ್ಳುವಷ್ಟರಲ್ಲಿ ಕೆರೆ ಏರಿಯ ಮೇಲೆ ಧೂಳೆದ್ದಿತು.

ಮೇಡಂ ಬಂದರು, ಜೊತೆಗೆ ಪೊಲೀಸರು. ಊರೆಲ್ಲ ಸೇರಿತು. ಹೋಗದಿದ್ದರೆ ಅನುಮಾನ ಎಂದು ನಾನೂ ಹೋಗಿ ಹಿಂದೆ ನಿಂತೆ. ಪೊಲೀಸರ ಮಾತಿಗೆ ಅಣ್ಣ ಗಾಡಿಯಿಂದ ಮಂಕರಿ ಇಳಿಸಿ, ಗುಂಪಿನ ಮುಖಗಳನ್ನು ಒಂದೊಂದಾಗಿ ನೋಡಿದ.

"ಎವುರು ಚೆಪ್ಪಿಂದಿ? ಯಾರ್ ಹೇಳಿದ್ದು ಅಂತ ಕೇಳ್ತಿದೀನಿ! ಈ ಊರೋರೇ ಯಾರೋ ಹೇಳಿರೋದು!"

ಯಾರೂ ಕೇಳದೆಯೇ ನನ್ನ ಬಾಯಿ ತೆರೆದುಕೊಂಡಿತು. "ನಾನಂತೂ ನೆನ್ನೆಯಿಂದ ಅಂಗನವಾಡಿ ಬಿಟ್ಟು ಆಚೆಗೇ ಬಂದಿಲ್ಲಪ್ಪ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕಣ್ಣು ನನ್ನ ಮೇಲೆ ಬಂದು ನಿಂತಿತು. ಆ ಹೊತ್ತಿಗೆ ಹುಡುಗಿಯ ಅಮ್ಮ ಹೊಸ್ತಿಲ ಮೇಲೆ ಕುಸಿದು ಕೂತು ಎದೆ ಬಡಿದುಕೊಂಡಳು.

"ನಂದೇ ತಪ್ಪು ಕಣಣ್ಣೋ! ಮಡ್ಕೆ ತರೋವಾಗ ಸರ್ಯಾಗಿ ಮುಚ್ಚಲಿಲ್ಲ. ರಾಯಲ್ಪಾಡು ಬಸ್‌ಸ್ಟ್ಯಾಂಡಲ್ಲಿ ಯಾರ್ಯಾರೋ ನೋಡಿದ್ರು. ನಂಗೆಲ್ಲಿ ನೆನಪು ಯಾರು ಅಂತ!"

ಅವನು ತಂಗಿಯ ಮೇಲೆ ಕೈಯೆತ್ತಿದ. ಪೊಲೀಸಿನವನು ಹಿಡಿದುಕೊಂಡ. ನಾನು ಗುಂಪಿನ ಹಿಂದೆ ಹಿಂದೆ ಸರಿದು ಅಂಗನವಾಡಿ ಸೇರಿಕೊಂಡೆ. ಮೊಟ್ಟೆಗಳು ನೀರೆಲ್ಲ ಇಂಗಿ ಪಾತ್ರೆಗೆ ಹತ್ತಿಕೊಂಡಿದ್ದವು.

ಹುಡುಗಿಯನ್ನು ಕೋಲಾರಕ್ಕೆ ಕರೆದುಕೊಂಡು ಹೋದರು. ವಿಚಾರಣೆ ಮಾಡಿ, ಅಪ್ಪ ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಂಡು, ಶ್ರೀನಿವಾಸಪುರದ ಹಾಸ್ಟೆಲಿಗೆ ಸೇರಿಸಿದರು. ಹತ್ತನೇ ತರಗತಿ ಅಲ್ಲಿಂದಲೇ. ಎಲ್ಲರೂ ಒಳ್ಳೆಯದಾಯಿತು ಎನ್ನುವ ಕತೆ ಇದು. ಆದರೆ ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೆಂದು ನನಗೇ ಗೊತ್ತು. ಬೈಕು ಮನೆಯ ಮುಂದೆ ನಿಧಾನವಾದರೆ ಒಲೆ ಆರಿಸಿ ಒಳಗೆ ಓಡುತ್ತಿದ್ದೆ. ನಲ್ಲಿಯ ಹತ್ತಿರ ಹೆಂಗಸರ ಮಾತು ನಿಂತರೆ ನನ್ನದೇ ಮಾತಾಡುತ್ತಿದ್ದರು ಅನಿಸುತ್ತಿತ್ತು. ಅವಳಮ್ಮನಂತೂ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಗ್ಗ ಕಂಡರೂ ಹಾವು.

ಹೀಗಿರುವಾಗ ಒಂದು ಬೆಳಿಗ್ಗೆ ಅಂಗನವಾಡಿಯ ಬಾಗಿಲು ತೆಗೆಯಲು ಹೋದರೆ, ಹೊಸ್ತಿಲ ಮುಂದೆ ಆ ಮಡಿಕೆಗಳು. ಸಾಲಾಗಿ. ಕೊರಳಿಗೆ ಅರಿಶಿನದ ದಾರ, ಮೇಲೆ ಕುಂಕುಮ.

ಸಹಾಯಕಿ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು. "ದಾಟ್ಬೇಡ ಟೀಚರಮ್ಮ! ಮಾಟ! ಮಕ್ಕಳ್ನ ಆ ಕಡೆ ಕರ್ಕೊ, ನಿಂಬೆಹಣ್ಣು ತರ್ತೀನಿ," ಎಂದು ಓಡಿದಳು. ಮಕ್ಕಳು ಆಗಲೇ ಬರತೊಡಗಿದ್ದರು. ನಾನು ಕೈ ಚಾಚಿ ಅವರನ್ನು ತಡೆದೆ. ನನ್ನ ಮೇಲಿನ ಹಗೆಗೆ ಈ ಪುಟ್ಟ ಕಾಲುಗಳು ಬಲಿಯಾಗಬೇಕೇ ಎಂದುಕೊಂಡೆ.

"ಮಾಟ ಅಲ್ಲ. ನಾನೇ ಇಟ್ಟಿದ್ದು."

ನೀರಿನ ತೊಟ್ಟಿಯ ಮರೆಯಿಂದ ಹುಡುಗಿಯ ಅಮ್ಮ ಬಂದಳು. ಕೂಲಿಗೆ ಹೊರಟ ಬಟ್ಟೆಯಲ್ಲೇ ಇದ್ದಳು.

"ಮನೇಲಿ ಇಟ್ಕೊಂಡ್ರೆ ಅಣ್ಣ ಬಂದಾಗೆಲ್ಲ ಇವನ್ನ ನೋಡಿ ಮಾತೆತ್ತುತಾನೆ. ಒಡೆದು ಹಾಕೋಕೆ ಕೈ ಬರಲ್ಲ, ಮಗಳ ಹೆಸರಿಂದು. ನೀನಿಟ್ಕೊ."

"ನಾನ್ಯಾಕಮ್ಮ, ನಾನೇನು..." ಎಂದು ತೊದಲಿದೆ.

"ಸಾಕು ಸುಮ್ನಿರೇ. ಆಟೋದಲ್ಲಿ ಕಂಡೋಳು ನೀನೊಬ್ಳೇ. ನಂಗೆ ಅವತ್ತೇ ಗೊತ್ತು." ಅವಳು ಒಂದು ಮಡಿಕೆಯನ್ನೆತ್ತಿ ನನ್ನ ಕೈಗಿಟ್ಟಳು. "ನಿನ್ ಹೆಸ್ರು ಹೇಳಿದ್ರೆ ನಿನ್ನ ಉಳಿಸ್ತಿದ್ನಾ ಅವನು? ನಾಳೆ ಮತ್ತೆ ಎತ್ಕೊಂಡು ಹೋಗೋಕೆ ಬಂದ್ರೆ ಆಮೇಲೆ ಫೋನ್ ಮಾಡೋರು ಯಾರು?"

ಗಾಡಿಯವನು ರಸ್ತೆಯಿಂದ ಹಾರನ್ ಹೊಡೆದ. ಅವಳು ಸೆರಗು ಸಿಕ್ಕಿಸಿಕೊಂಡು ಹೊರಟವಳು ತಿರುಗಿ ನಿಂತಳು.

"ವಯಸ್ಸು ತುಂಬಿ ಅವಳೇ ಬಂದು ಕೇಳಿದ್ರೆ ಕೊಡು. ಬೇರೆ ಯಾರು ಕೇಳಿದ್ರೂ ಕೊಡ್ಬೇಡ. ನಾನು ಬಂದು ಕೇಳಿದ್ರೂ ಕೊಡ್ಬೇಡ. ನಂಗೆ ಧೈರ್ಯ ಸಾಲ್ದು ಟೀಚರ್. ಅಣ್ಣ ಜೋರು ಮಾಡಿದ್ರೆ ಹೂಂ ಅಂದ್ಬಿಡ್ತೀನಿ."

ಮಡಿಕೆಗಳನ್ನು ಸಾಮಾನು ಕೋಣೆಯ ಅಟ್ಟಕ್ಕೇರಿಸಿ ಹಳೆಯ ಚಾಪೆ ಮುಚ್ಚಿದೆ. ಅಲ್ಲಿಂದ ನನಗೆ ಹೊಸ ಭಯ. ಬೆಕ್ಕು ಅಟ್ಟ ಹತ್ತಿದರೆ ಕಿರುಚುತ್ತಿದ್ದೆ. ಮಕ್ಕಳ ಚೆಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಈ ವರ್ಷ ಹುಡುಗಿ ಹತ್ತನೇ ತರಗತಿ ಪಾಸಾಗಿ ರಜೆಗೆ ಮನೆಗೆ ಬಂದಳು. ಮುಂದಕ್ಕೆ ಕಾಲೇಜಿಗೆ ಸೇರಬೇಕೆಂದು ನನ್ನ ಬಳಿ ಕುಣಿದಾಡಿದಳು. ಅದೇ ವಾರ ಮಧ್ಯಾಹ್ನ, ಮಕ್ಕಳು ಮಲಗಿದ್ದಾಗ, ಅಂಗನವಾಡಿಯ ಗೇಟಿನ ಹತ್ತಿರ ಬೈಕು ನಿಂತಿತು. ಅಣ್ಣ ಇಳಿಯಲಿಲ್ಲ. ಅವಳಮ್ಮ ಒಳಗೆ ಬಂದಳು. ಅವಳ ಒಂದು ಕೆನ್ನೆ ಊದಿಕೊಂಡಿತ್ತು, ಮಡಿಕೆ ಎಲ್ಲಿವೆ ಎಂದು ಅಣ್ಣ ಹೊಡೆದೇ ಬಾಯಿ ಬಿಡಿಸಿರಬೇಕು.

"ನನ್ ಮಡ್ಕೆ ಕೊಡೇ," ಎಂದಳು ಜೋರಾಗಿ.

ಅವಳ ಮುಖ ನೋಡಿದೆ. ಅದರಲ್ಲಿ ಯಾವ ಸನ್ನೆಯೂ ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಗೇಟಿನಲ್ಲಿ ಅವನು ಬೈಕಿನ ಮೇಲೆ ಕೂತೇ ನಮ್ಮನ್ನು ನೋಡುತ್ತಿದ್ದ. ಕೊಟ್ಟುಬಿಡು, ಅವರ ಮಡಿಕೆ, ಅವರ ಮಗಳು ಎಂದು ನನ್ನ ಮೈಯ ಒಂದೊಂದು ಕೂದಲೂ ಹೇಳುತ್ತಿತ್ತು.

"ಯಾವ್ ಮಡ್ಕೆನಮ್ಮ?" ಎಂದೆ. ದನಿ ನನ್ನದಲ್ಲವೇನೋ ಅನಿಸಿತು. "ಬೇಸ್ಗೆ ಅಲ್ವಾ. ತಣ್ಣೀರಿಗೆ ಇಟ್ಕೊಂಡಿದೀನಿ. ಕೊಡಲ್ಲ."

ಅವಳು ನನ್ನನ್ನು ದಿಟ್ಟಿಸಿದಳು. ಆಮೇಲೆ ಕೈ ನೆಟಿಗೆ ಮುರಿದು ಶಾಪ ಹಾಕತೊಡಗಿದಳು, ನಿನ್ ಕೈ ಸೇದೋಗ, ನಿನ್ ಮನೆ ಹಾಳಾಗ ಎಂದು, ಮಲಗಿದ್ದ ಮಕ್ಕಳೆಲ್ಲ ಎದ್ದು ಅಳುವ ಹಾಗೆ. ಬೈಯುತ್ತಲೇ ಮೆಟ್ಟಿಲಿಳಿದು ಹೋದಳು.

"ಏಮೈಂದಿ? ಏನಾಯ್ತು?" ಎಂದ ಅವನು.

"ಕೊಡಲ್ವಂತೆ ಕಣಣ್ಣ," ಎಂದಳು. "ಇನ್ನೊಂದ್ಸಲ ಕೇಳೋಕ್ ಬಂದ್ರೆ ಜೀಪ್ ಕರೆಸ್ತಾಳಂತೆ. ಈ ಸಲ ನಿನ್ನೂ ನಿನ್ ಮಗನ್ನೂ ಒಳಗೇ ಹಾಕಿಸ್ತಾಳಂತೆ."

ನಾನು ಜೀಪಿನ ಮಾತನ್ನೇ ಎತ್ತಿರಲಿಲ್ಲ. ಅವನು ಸ್ವಲ್ಪ ಹೊತ್ತು ನನ್ನ ಕಡೆ ನೋಡಿ, ಗಾಡಿ ಒದ್ದು ತಿರುಗಿಸಿದ. ಅವಳು ಹಿಂದೆ ಹತ್ತಿ ಕೂತಳು. ಬೈಕಿನ ಸದ್ದು ಕೆರೆ ಏರಿ ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದೆ, ಆಮೇಲೆ ಅಳುತ್ತಿದ್ದ ಮಕ್ಕಳ ನಡುವೆ ಚಾಪೆಯ ಮೇಲೆ ಕೂತುಬಿಟ್ಟೆ.